ಹರಳೆಣ್ಣೆ ಕುಡಿಯುವ ಯಂತ್ರ

ಸಮತಲವೆಂಬುದೇ ದುರ್ಲಭವಾದ ಕೊಡಗಿನಲ್ಲಿ, ಇರುವ ಮೈದಾನಗಳನ್ನೆಲ್ಲ ಹಾಕಿಯು ಆಕ್ರಮಿಸಿರಲು, ಎರಡು ತಂತಿಗಳ ತುದಿಯಲ್ಲಿ ವೃತ್ತಾಕಾರವಾಗಿ ಸುತ್ತುವ ಪುಟ್ಟ ವಿಮಾನಕ್ಕೆ ಮನಸೋತ ತರುಣನು, ವಾಯುಪಡೆಯ ವೀರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ನಾಡಿನವನಲ್ಲವೇ, ಅತಿ ಬಲಿಷ್ಠವಾದ ಎಂಜಿನ್ನನ್ನೇ ಬಯಸುವನು. ಹೊಸಬನಿಗೆ 2.5 ಸಿ.ಸಿ. ಧಾರಾಳವಾಯಿತು, ಮಿಗಿಲಾದರೆ ವಿಮಾನಕ್ಕಿಂತ ಮೊದಲು ನಡುವೆ ನಿಂತವನ ತಲೆಯೇ ತಿರುಗೀತು. ಇನ್ನು ಎಂಜಿನ್ನಿನ ಜಾತಿಯ ಮಾತು: ಗ್ಲೋ ಜಾತಿಯದಕ್ಕೆ ಮೆಥನಾಲೂ, ಪ್ಲಗ್ ಕಾಯಿಸಲು ಬ್ಯಾಟರಿಯೂ ಬೇಕು. ಡೀಸೆಲ್ ಜಾತಿಯದಕ್ಕೆ ಬ್ಯಾಟರಿಯ ಹಂಗಿಲ್ಲ; ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳನ್ನು ಬೆರೆಸಿ ಕುಡಿಸಿ, ನೆತ್ತಿಯ ತಿರುಪನ್ನು ಹದವಾಗಿ ಬಿಗಿದು, ಪ್ರೊಪೆಲ್ಲರನ್ನು ಬೆರಳಿನಿಂದ ತಟ್ಟುತ್ತಿದ್ದರೆ, ಅದು ತನಗೆ ಕೃಪೆ ಬಂದಾಗ ಗುಡುಗುವುದು. ನನ್ನ ಮತವು ಡೀಸೆಲಿಗೇ. ಹರಳೆಣ್ಣೆಯ ಹೆಸರೆತ್ತಿದರೆ ತೋಟಕ್ಕೆ ಓಟ ಕೀಳುತ್ತಿದ್ದ ಮೊಮ್ಮಗನು ಅದನ್ನು ತಾನಾಗಿಯೇ ಅಂಗಡಿಯಿಂದ ತರುವುದನ್ನು ಕಂಡು ಅಜ್ಜಿಯು ಪರಮಾನಂದಗೊಳ್ಳುವಳಾದರೂ, ಕುಡಿಯುವವರಾರೆಂದು ತಿಳಿದೊಡನೆ ಆಕೆಯ ಮುಖ ಬಾಡುವುದು. ಆಷಾಢದ ಮಳೆ ಹಿಡಿದ ಮೇಲಂತೂ ಯಾವ ಎಂಜಿನ್ನಾದರೂ ಅಟ್ಟದ ಮೇಲೆಯೇ.