ಎಪ್ಪತ್ತೆಂಟೂವರೆ ಕಿಲೋ ನಡಿಗೆರಾಯರು

ಲಾಲ್‌ಬಾಗಿಗೆ ನಾಲ್ಕು ಗೇಟು. ಬೆಳಗ್ಗೆ ಆರೂವರೆಗೆ ಯಾವ ಗೇಟಿನಿಂದ ಒಳಹೊಕ್ಕರೂ ನಡಿಗೆರಾಯರು ಎದುರಾಗುತ್ತಾರೆ. ನೀವು ಮೈಸೂರಿನವರಾದರೆ ಅವರನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಹುಬ್ಬಳ್ಳಿಯವರಾದರೆ ಉಣಕಲ್ ಕೆರೆ ದಂಡೆಯಲ್ಲಿ, ಮಂಗಳೂರಿನವರಾದರೆ ಕದ್ರಿ ಪಾರ್ಕಿನಲ್ಲಿ ಕಂಡಿರುತ್ತೀರಿ. ಊರಿಂದೂರಿಗೆ ಹೆಸರು ಬೇರೆಯಾದೀತು, ವೇಷ ಮಾತ್ರ ಒಂದೇ. ಅಮೆರಿಕದ ಮಗಳು ಕಳಿಸಿದ ಬಿಳೀ ಷೂ, ಬ್ಯಾಂಕಿನ ಸುವರ್ಣ ಮಹೋತ್ಸವದಲ್ಲಿ ಪುಕ್ಕಟೆ ಬಂದ ಟೀ ಶರ್ಟು, ಬೇಸಿಗೆಯಲ್ಲೂ ಕಿವಿ ಮುಚ್ಚುವ ಮಂಕಿ ಕ್ಯಾಪು, ಎಡಗೈಯಲ್ಲಿ ಹೆಜ್ಜೆ ಎಣಿಸುವ ವಾಚು. ಮುಖದ ಮೇಲೆ ಮಾತ್ರ, ಮೂವತ್ತಾರು ವರ್ಷ ಪ್ರಾಮಾಣಿಕವಾಗಿ ದುಡಿದೂ ಬಡ್ತಿ ಸಿಗದವರ ನೋವು. ರಾಯರಿಗೆ ಈಗ ಸಿಗದೇ ಇರುವುದು ಬಡ್ತಿಯಲ್ಲ, ಇಳಿಕೆ.

“ಅಲ್ಲಾ ಸ್ವಾಮೀ, ಯುಗಾದಿಯಿಂದ ಒಂದು ದಿನ ತಪ್ಪಿಸಿಲ್ಲ. ಅನ್ನ ಬಿಟ್ಟೆ. ಸಕ್ಕರೆ ಬಿಟ್ಟೆ. ಸಂಜೆ ಬೋಂಡಾ ಬಿಟ್ಟೆ. ಈ ಎಪ್ಪತ್ತೆಂಟೂವರೆ ಮಾತ್ರ ನನ್ನನ್ನು ಬಿಡ್ತಾ ಇಲ್ಲ!”

ಅವರ ಮನೆಯಲ್ಲಿ ತೂಕ ನೋಡುವುದು ಮಡಿಯಷ್ಟೇ ಕಟ್ಟುನಿಟ್ಟಿನ ಕಾರ್ಯಕ್ರಮ. ಕಾಫಿಗೆ ಮುಂಚೆಯೇ ಆಗಬೇಕು. ಪಂಚೆ ಭಾರ, ಆದ್ದರಿಂದ ತೆಳು ಟವೆಲು. ವಾಚು ಬಿಚ್ಚಬೇಕು, ಉಂಗುರ ತೆಗೆಯಬೇಕು, ಬೆಳ್ಳಿಯ ಉಡಿದಾರವನ್ನೂ ಒಂದು ಕ್ಷಣ ಮಂಚದ ಮೇಲಿಡಬೇಕು. ಕೊನೆಗೆ ಕನ್ನಡಕ. ಕನ್ನಡಕ ತೆಗೆದಿಟ್ಟು ಯಂತ್ರ ಹತ್ತಿದ ಮೇಲೆ ಅಂಕಿ ಕಾಣುವುದಿಲ್ಲ.

“ಇವಳೇ, ಸ್ವಲ್ಪ ಬಾ. ಎಷ್ಟಿದೆ ನೋಡು.”

ಮನೆಯಾಕೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಗ್ಗಿ, ಮೂರನೇ ಮನೆಗೆ ಕೇಳುವಂತೆ ಓದುತ್ತಾರೆ: “ಎಪ್ಪತ್ತೆಂಟೂ ಪಾಯಿಂಟ್ ಆರು!”

“ಆರಾ? ನಿನ್ನೆ ನಾಲ್ಕಿತ್ತಲ್ಲೇ!”

“ಮೊನ್ನೆ ರಾತ್ರಿ ಮದುವೆ ಊಟ ಇರಲಿಲ್ಲ, ರೀ. ನಿನ್ನೆ ಇತ್ತು.”

ಅಲ್ಲಿಂದ ಯಂತ್ರದ ತೀರ್ಥಯಾತ್ರೆ ಶುರು. ಹಾಲಿನ ಟೈಲ್ಸಿನಿಂದ ಅಡುಗೆಮನೆಯ ಕಡಪಾ ಕಲ್ಲಿಗೆ, ಅಲ್ಲಿಂದ ವರಾಂಡದ ಕೆಂಪು ಗಾರೆ ನೆಲಕ್ಕೆ. ಒಂದೊಂದು ಕಡೆ ಒಂದೊಂದು ಅಂಕಿ. ಎಲ್ಲಕ್ಕಿಂತ ಕಡಿಮೆ ಬಂದ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾರೆ. ಮನೆಯ ಯಂತ್ರದ ಮೇಲೆ ನಂಬಿಕೆ ಹೋದಾಗ ಹಿಟ್ಟಿನ ಗಿರಣಿಯಲ್ಲಿ ರಾಗಿ ಮೂಟೆಯ ಪಕ್ಕ ನಿಂತು ತೂಗಿಸಿಕೊಂಡದ್ದೂ ಉಂಟು. ಆದರೆ ಇಡೀ ಬಡಾವಣೆಯಲ್ಲಿ ಅವರಿಗೆ ನ್ಯಾಯ ಸಿಕ್ಕಿದ್ದು ಹಳೇ ಪೇಪರ್ ಕೊಳ್ಳುವವನ ಅಂಗಡಿಯಲ್ಲಿ ಮಾತ್ರ. ಅವನ ತಕ್ಕಡಿಯಲ್ಲಿ ರಾಯರು ಎಪ್ಪತ್ತೊಂದು! ಅದೇ ತಕ್ಕಡಿಯ ಮೇಲೆ ವರ್ಷಗಟ್ಟಲೆ ಪೇಪರ್ ತೂಗಿಸುವಾಗ “ಮೋಸ ಮಾಡ್ತೀಯೇನೋ” ಎಂದು ಜಗಳವಾಡಿದ್ದವರು, ಅಂದು ಅವನ ಬೆನ್ನು ತಟ್ಟಿ ಬಂದರು.

ಮನೆಯ ಯಂತ್ರದ ತಪ್ಪೇನೂ ಇಲ್ಲ. ಮನುಷ್ಯನ ತೂಕ ಒಂದೇ ದಿನದಲ್ಲಿ ಒಂದೆರಡು ಕಿಲೋ ಏರಿಳಿಯುವುದು ಸಹಜ. ಮದುವೆ ಊಟದ ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿಗಳ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಯಷ್ಟು ಕೊರತೆ ಬೀಳಬೇಕು. ಬೆಳಗಾಗುವುದರೊಳಗೆ ಇನ್ನೂರು ಗ್ರಾಂ ಹೆಚ್ಚುಕಡಿಮೆಯಾಗುವುದೆಲ್ಲ ನೀರಿನ ಆಟ. ಇದನ್ನು ರಾಯರಿಗೆ ವಿವರಿಸಿದರೆ ಕೂಡಲೇ ಒಪ್ಪುತ್ತಾರೆ. ಏರಿದ ದಿನ ನೀರು. ಇಳಿದ ದಿನ ಮಾತ್ರ ವ್ಯಾಯಾಮದ ಫಲ.

ಬ್ಯಾಂಕಿನಲ್ಲಿ ಲೆಡ್ಜರು ತಿದ್ದಿ ತಿದ್ದಿ ಬೆಳೆದ ಜೀವ. ಒಂದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಹತ್ತರವರೆಗೆ ಕೂತು ಹುಡುಕುತ್ತಿದ್ದವರು. ನಡಿಗೆಗೂ ಒಂದು ಡೈರಿ ಇಟ್ಟಿದ್ದಾರೆ. ಇಟ್ಟ ಹೆಜ್ಜೆ, ಹತ್ತಿದ ಮೆಟ್ಟಿಲು, ಬಿಟ್ಟ ಬೋಂಡಾ, ಎಲ್ಲ ಜಮೆಯ ಕಡೆ ಮುತ್ತಿನಂಥ ಅಕ್ಷರದಲ್ಲಿ. ಖರ್ಚಿನ ಕಡೆಗೆ ಬಂದರೆ ಕೆಲವು ಪದಾರ್ಥಗಳಿಗೆ ಖಾತೆಯನ್ನೇ ತೆರೆದಿಲ್ಲ. ನೆನೆಸಿದ ಬಾದಾಮಿ ಔಷಧ. ಕಡಲೆಕಾಯಿ ಬಡವರ ಬಾದಾಮಿ, ಆದ್ದರಿಂದ ಅದೂ ಔಷಧ. ತುಪ್ಪ ನಾಟಿ ಹಸುವಿನದು. ಮೊಮ್ಮಗ ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ ಯಾರ ಲೆಕ್ಕಕ್ಕೂ ಸೇರದ್ದು, ಏಕೆಂದರೆ ಅನ್ನ ಚೆಲ್ಲಬಾರದು. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ನೂರೈವತ್ತಕ್ಕೂ ಹೆಚ್ಚು ಕ್ಯಾಲೊರಿ ಇದೆ, ಒಂದು ದೊಡ್ಡ ಚಮಚ ತುಪ್ಪದಲ್ಲಿ ನೂರರ ಮೇಲಿದೆ ಎಂದು ಹೇಳಿದರೆ, ಅದು ಅಂಗಡಿ ತುಪ್ಪಕ್ಕೆ ಅನ್ವಯಿಸುವ ಮಾತು ಎನ್ನುತ್ತಾರೆ.

‘ಅನ್ನ ಬಿಟ್ಟೆ’ ಎಂಬ ಪ್ರತಿಜ್ಞೆಯ ಒಳಗುಟ್ಟನ್ನೂ ಹೇಳಿಬಿಡಬೇಕು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ್ದನ್ನು ರಾಯರು ತಮ್ಮ ಹೆಸರಿಗೇ ಬಂದ ಸುತ್ತೋಲೆ ಎಂದು ತಿಳಿದರು. ಅಂದಿನಿಂದ ಮನೆಯಲ್ಲಿ ನವಣೆ ಬಿಸಿಬೇಳೆಬಾತು, ಗೋಡಂಬಿ ಹಾಕಿದ ಸಾಮೆ ಪೊಂಗಲ್ಲು, ಬೆಣ್ಣೆಯ ಮೇಲೆ ಬೆಣ್ಣೆ ಬಿದ್ದ ರಾಗಿ ದೋಸೆ, ಹಾರಕದ ಮೊಸರನ್ನ. ಬಡಪಾಯಿ ಅಕ್ಕಿಯನ್ನು ಬಿಟ್ಟರೆ ಉಳಿದದ್ದೆಲ್ಲ ಮೊದಲಿನಂತೆಯೇ. ನೂರು ಗ್ರಾಂ ಅಕ್ಕಿಯಲ್ಲಿ 350ರಷ್ಟು ಕ್ಯಾಲೊರಿ ಇದ್ದರೆ ನವಣೆಯಲ್ಲೂ ರಾಗಿಯಲ್ಲೂ 320-340ರ ಆಸುಪಾಸು ಇದ್ದೇ ಇದೆ. ಸಿರಿಧಾನ್ಯದಲ್ಲಿ ನಾರು ಹೆಚ್ಚು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತದೆ. ಅದು ಅದರ ನಿಜವಾದ ಗುಣ. ಆ ಸುದ್ದಿ ರಾಯರ ಹೊಟ್ಟೆಗೆ ಇನ್ನೂ ತಲುಪಿಲ್ಲ. “ಆರೋಗ್ಯಕ್ಕೆ ಒಳ್ಳೇದು, ಇನ್ನೊಂದು ಸೌಟು ಹಾಕು” ಎಂಬುದು ಅವರ ಊಟದ ನಡುವಿನ ಮಂತ್ರ. ಒಳ್ಳೆಯದಾದರೆ ಎಷ್ಟಾದರೂ ತಿನ್ನಬಹುದು ಎಂಬ ಈ ಸಿದ್ಧಾಂತಕ್ಕೆ ನಾಡಿನ ತುಂಬ ಅನುಯಾಯಿಗಳಿದ್ದಾರೆ.

ಸಕ್ಕರೆ ಬಿಟ್ಟದ್ದೂ ಇದೇ ಧಾಟಿ. ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಬೆಲ್ಲ ಹಿಡಿದರು. ಬೆಲ್ಲವೂ ಶಕ್ತಿಯಲ್ಲಿ ಸಕ್ಕರೆಗೆ ಹೆಚ್ಚೇನೂ ಹಿಂದೆ ಬಿದ್ದಿಲ್ಲ. ‘ಸಕ್ಕರೆಯಲ್ಲವಲ್ಲ’ ಎಂಬ ಧೈರ್ಯದಲ್ಲಿ ಒಂದು ಚಮಚದ ಕಡೆ ಎರಡು ಬೀಳುತ್ತದೆ. ಅಂಥದರಲ್ಲಿ ಮಗಳ ಹೆರಿಗೆ ಸುಸೂತ್ರವಾಗಲೆಂದು ಮನೆಯಾಕೆ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದರು: ಯಜಮಾನರಿಗೆ ಬೆಲ್ಲದ ತುಲಾಭಾರ. ಹೆರಿಗೆಯಾಯಿತು, ಮಗುವಿಗೆ ಹಲ್ಲು ಬಂತು, ನಡಿಗೆಯೂ ಬಂತು. ರಾಯರು ಮಾತ್ರ “ಒಂದೈದು ಕಿಲೋ ಇಳಿದ ಮೇಲೆ ಹೋಗೋಣ” ಎಂದು ಮುಂದೂಡುತ್ತಲೇ ಇದ್ದರು. “ದೇವರ ಬೆಲ್ಲದಲ್ಲೂ ಉಳಿತಾಯವೇನ್ರೀ?” ಎಂದು ಆಕೆ ಗದರಿದ ಮೇಲೆ ಹೊರಟರು. ತಕ್ಕಡಿಯ ಒಂದು ತಟ್ಟೆಯಲ್ಲಿ ತಾವು ಕೂತು, ಎದುರಿನ ತಟ್ಟೆಗೆ ಅಚ್ಚಿನ ಮೇಲೆ ಅಚ್ಚು ಬಿದ್ದು, ಇನ್ನೂ ಬಿದ್ದು, ಮತ್ತೂ ಬಿದ್ದು ಕೊನೆಗೆ ತಾವು ಕೂತ ತಟ್ಟೆ ಮೇಲೆದ್ದಾಗ, ತಮ್ಮ ತೂಕ ಅಂದರೆ ಎಷ್ಟು ಎಂಬುದನ್ನು ರಾಯರು ಮೊದಲ ಸಲ ಕಣ್ಣಾರೆ ಕಂಡರು. ಶ್ರೀಕೃಷ್ಣನನ್ನೇ ಒಂದು ತುಳಸಿ ದಳದಿಂದ ತೂಗಿದ ರುಕ್ಮಿಣಿಯ ಜಾಣ್ಮೆ ನಮ್ಮ ಮನೆಯವಳಿಗೆ ಬರಬಾರದಿತ್ತೇ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಗೊಣಗಿದರಂತೆ.

ಇನ್ನು ನಡಿಗೆ. ನಡೆಯುವುದು ಸುಳ್ಳಲ್ಲ, ಆದರೆ ರಾಯರು ಒಂಟಿಯಾಗಿ ನಡೆಯುವವರಲ್ಲ. ಜೊತೆಗೆ ನಾಲ್ವರು ನಿವೃತ್ತರಿದ್ದಾರೆ. ಗಾಜಿನ ಮನೆಯವರೆಗೆ ಚುರುಕಾಗಿಯೇ ಬರುತ್ತಾರೆ. ಅಲ್ಲಿ ಯಾರೋ ಒಬ್ಬರು ರಾಜಕೀಯ ಎತ್ತುತ್ತಾರೆ. ನಡೆಯುತ್ತ ವಾದ ಮಾಡಬಹುದು, ಆದರೆ ಗೆಲ್ಲಲಾಗುವುದಿಲ್ಲ. ಗೆಲ್ಲಬೇಕಾದರೆ ನಿಂತು, ಎದುರಿಗಿರುವವರ ತೋಳು ಹಿಡಿದೇ ಮಾತಾಡಬೇಕು. ಆಮೇಲೆ ಕೆಂಪೇಗೌಡ ಗೋಪುರದ ಬಂಡೆ ಹತ್ತಿ ವಿಶ್ರಾಂತಿ. ಮುನ್ನೂರು ಕೋಟಿ ವರ್ಷದ ಬಂಡೆ ಅದು. ಅಷ್ಟು ಕಾಲದಿಂದ ಕದಲದ ಕಲ್ಲಿನ ಮೇಲೆ ಕೂತು ರಾಯರು ಯುಗಾದಿಯಿಂದ ಕದಲದ ಮುಳ್ಳಿನ ಬಗ್ಗೆ ದುಃಖ ತೋಡಿಕೊಳ್ಳುತ್ತಾರೆ. ಗೇಟಿನಾಚೆ ಒಂದು ಲೋಟ ಹಾಗಲಕಾಯಿ ರಸ. ಅದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತ ಮುಂಚೆಯೇ ಆಗಿಬಿಟ್ಟರೆ ಪಾಪಕ್ಕೆ ದಾರಿ ಸಲೀಸು ನೋಡಿ, ಮುಂದಿನ ಹೆಜ್ಜೆ ಹೋಟೆಲಿಗೆ. ಕಹಿಯಾದ ಬಾಯಿಗೆ ಒಂದು ಚೌಚೌಬಾತು, ಆಮೇಲೆ ಬೈಟೂ ಕಾಫಿ. ಬೈಟೂ ಅಂದರೆ ಅರ್ಧವೇ ಅಲ್ಲವೇ ಎಂದು ಮತ್ತೊಂದು ಬೈಟೂ. ಒಂದು ಗಂಟೆ ನಿಲ್ಲದೆ ಚುರುಕಾಗಿ ನಡೆದರೆ ರಾಯರ ಮೈಕಟ್ಟಿಗೆ ಕರಗುವುದು 250-300 ಕ್ಯಾಲೊರಿ. ಖಾರಾಬಾತಿನ ಉಂಡೆಯೊಂದೇ ಅದನ್ನು ಹೆಚ್ಚುಕಡಿಮೆ ಚುಕ್ತಾ ಮಾಡುತ್ತದೆ. ಪಕ್ಕದ ಕೇಸರಿಬಾತು ಪೂರ್ತಿ ಲಾಭ.

ಎಡಗೈಯ ವಾಚಿಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಒಪ್ಪಿಸಬೇಕು. ಈ ಹತ್ತು ಸಾವಿರ ಯಾವ ವೈದ್ಯಗ್ರಂಥದಿಂದಲೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಯಂತ್ರವೊಂದು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದ ಸಂಖ್ಯೆ. ರಾಯರಿಗೆ ಅದು ಗಾಯತ್ರಿಯ ಎಣಿಕೆಗಿಂತ ಮುಖ್ಯ. ರಾತ್ರಿ ಹತ್ತಕ್ಕೆ ನಾನೂರು ಕಡಿಮೆ ಇದ್ದರೆ ಹಾಲಿನಲ್ಲಿ ಟೀವಿಗೂ ಸೋಫಾಗೂ ನಡುವೆ ಗಸ್ತು ತಿರುಗಿ ಧಾರಾವಾಹಿ ನೋಡುವವರಿಂದ ಬೈಸಿಕೊಳ್ಳುತ್ತಾರೆ. ಈಚೆಗೆ ಇನ್ನೊಂದು ಉಪಾಯ ಹೊಳೆದಿದೆ. ಪೂಜೆಯ ಗಂಟೆಯನ್ನು ಎಡಗೈಯಲ್ಲಿ ತಾನೇ ಬಾರಿಸುವುದು? ಮಂಗಳಾರತಿ ಮೊದಲಿಗಿಂತ ಉದ್ದವಾಗಿದೆ. ಹೆಜ್ಜೆ ಏರುತ್ತದೆ, ದೇವರಿಗೂ ಸಂತೋಷ.

ಮಗಳು ವಿಡಿಯೊ ಕಾಲಿನಲ್ಲಿ ಒಮ್ಮೆ ಟಾಂಜಾನಿಯಾದ ಹಾಡ್ಜಾ ಜನರ ವಿಷಯ ಹೇಳಿದಳು. ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಅವರು ದಿನವಿಡೀ ಅಲೆಯುತ್ತಾರೆ. ಆದರೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳೆದು ನೋಡಿದರೆ, ಮೈಗಾತ್ರಕ್ಕೆ ಹೋಲಿಸಿ ಲೆಕ್ಕ ಹಾಕಿದಾಗ, ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕನ್ನರಿಗಿಂತ ಅವರೇನೂ ಹೆಚ್ಚು ಶಕ್ತಿ ಖರ್ಚು ಮಾಡುತ್ತಿರಲಿಲ್ಲ. ನಡಿಗೆ ಹೆಚ್ಚಾದರೆ ದೇಹ ಬೇರೆ ಯಾವುದೋ ಬಾಬ್ತಿನಲ್ಲಿ ಕೈ ಬಿಗಿಹಿಡಿದು ಸರಿದೂಗಿಸುತ್ತದೆ ಎಂಬುದು ಆ ಸಂಶೋಧಕರ ವಾದ.

ರಾಯರ ಮುಖ ಅರಳಿತು. “ಹಾಗಾದ್ರೆ ನಡೆಯೋದು ದಂಡ! ಕೂತ್ಕೋಬಹುದು!”

“ಅಪ್ಪಾ, ನಡಿ. ತೂಕಕ್ಕಲ್ಲ, ಮಿಕ್ಕಿದ್ದಕ್ಕೆ. ತೂಕ ಕಡಿಮೆಯಾಗೋದು ತಟ್ಟೆಯಿಂದ.”

ಮಿಕ್ಕಿದ್ದು ಏನೆಂಬುದು ಮೊನ್ನೆ ವೈದ್ಯರ ಮುಂದೆ ತಿಳಿಯಿತು. ಬರಿಹೊಟ್ಟೆಯ ಸಕ್ಕರೆ 128 ಇದ್ದದ್ದು 108ಕ್ಕೆ ಬಂದಿದೆ. ರಕ್ತದೊತ್ತಡದ ಮಾತ್ರೆ ಅರ್ಧವಾಗಿದೆ. ಎರಡನೇ ಮಹಡಿ ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಕ್ಯಾಲೆಂಡರ್ ಓದುವ ನಾಟಕ ನಿಂತಿದೆ. ವೈದ್ಯರು ಟೇಪು ತೆಗೆದು ಹೊಟ್ಟೆಯ ಸುತ್ತ ಹಿಡಿದರು. ವರ್ಷದ ಹಿಂದೆ 104 ಸೆಂಟಿಮೀಟರ್ ಇದ್ದದ್ದು ಈಗ 97. ನಮ್ಮ ದೇಶದ ಗಂಡಸರಿಗೆ 90ರ ಒಳಗಿರಬೇಕು, ಇನ್ನು ಏಳು ಉಳಿಯಿತು, ಭೇಷ್ ಎಂದರು. ಕೊಬ್ಬು ಸ್ವಲ್ಪ ಹೋಗಿ ಆ ಜಾಗಕ್ಕೆ ಸ್ವಲ್ಪ ಸ್ನಾಯು ಬಂದಿದ್ದರೆ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಅದಕ್ಕೆ ಎರಡೂ ಕಿಲೋನೇ ಎಂದು ಸಮಾಧಾನವನ್ನೂ ಹೇಳಿದರು. ರಾಯರು ಎಲ್ಲವನ್ನೂ ಕೇಳಿಸಿಕೊಂಡು, ರಿಪೋರ್ಟು ಮಡಿಸಿ ಜೇಬಿಗಿಟ್ಟು, “ಅದೆಲ್ಲ ಸರಿ ಡಾಕ್ಟ್ರೇ, ತೂಕ ಯಾಕೆ ಇಳೀತಿಲ್ಲ?” ಎಂದರು.

ನನ್ನ ಕೇಳಿದರೆ ರಾಯರಿಗೆ ಯಾರೂ ಅನ್ಯಾಯ ಮಾಡಿಲ್ಲ. ಸಿಗಬೇಕಾದ್ದು ಸಿಕ್ಕಿದೆ; ಬೆಲ್ಟಿಗೆ ಒಳಗಡೆ ಹೊಸ ತೂತು ಕೊರೆಸಿದ್ದಾರೆ, ಅದನ್ನು ಡೈರಿಯಲ್ಲಿ ಬರೆದಿಲ್ಲ, ಅಷ್ಟೆ. ಆರು ತಿಂಗಳು ಆ ಯಂತ್ರವನ್ನು ಸಕ್ಕರೆ ಡಬ್ಬಿಯ ಪಕ್ಕ ಅಟ್ಟಕ್ಕೆ ಹಾಕಿ, ಟೇಪು ಒಂದನ್ನು ಇಟ್ಟುಕೊಂಡರೆ ಮನೆಯಾಕೆಗೂ ಸೌಟು ಹಿಡಿದು ಓಡಿಬರುವ ಕಷ್ಟ ತಪ್ಪುತ್ತದೆ. ಹೋಟೆಲಿನ ದಾರಿಯನ್ನೂ ವಾರಕ್ಕೊಂದು ದಿನಕ್ಕೆ ಇಳಿಸಿದರೆ ಮುಳ್ಳೂ ಅಲ್ಲಾಡೀತು.

ಅದು ಒಮ್ಮೆ ಅಲ್ಲಾಡಿಯೂ ಇತ್ತು, ಆ ಕಥೆ ಹೆಚ್ಚು ಜನಕ್ಕೆ ತಿಳಿಯದು. ಶ್ರಾವಣಕ್ಕೆ ಮುಂಚೆ ರಾಯರು ನಿಜವಾಗಿಯೂ ಎಪ್ಪತ್ತಾರಕ್ಕೆ ಇಳಿದಿದ್ದರು. ಮನೆಯಲ್ಲಿ ಹಬ್ಬದ ಕಳೆ. ಹೊಸ ಪ್ಯಾಂಟು ಹಾಕಿಕೊಂಡು ಬೀಗರ ಮನೆಯ ಗೃಹಪ್ರವೇಶಕ್ಕೆ ಹೋದರು. ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿ, ದನಿ ತಗ್ಗಿಸಿ ಕೇಳಿದರು: “ಏನು ರಾಯರೇ, ಇಷ್ಟು ಇಳಿದುಹೋಗಿದ್ದೀರಿ... ಶುಗರ್ರಾ?”

ರಾಯರ ಜಂಘಾಬಲ ಉಡುಗಿತು. “ಛೆ ಛೆ, ಏನೂ ಇಲ್ಲ, ನೋಡಿ ಬೇಕಾದ್ರೆ” ಎಂದು ಅದೇ ಜಾಗದಲ್ಲಿ ನಾಲ್ಕು ಹೋಳಿಗೆ, ಮೇಲೆ ತುಪ್ಪ, ಅದರ ಮೇಲೆ ಕಾಯಿಹಾಲು ಹಾಕಿಸಿಕೊಂಡು ಎಲ್ಲರೆದುರು ಆರೋಗ್ಯವನ್ನು ಸಾಬೀತುಪಡಿಸಿದರು. ಆಮೇಲೆ ಸಾಲಾಗಿ ಬಂದ ಹಬ್ಬಗಳಲ್ಲೂ ಸಾಬೀತುಪಡಿಸುತ್ತಲೇ ಹೋದರು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಡಿಗೆರಾಯರು ನಿಮ್ಮ ಪಾರ್ಕಿನಲ್ಲೂ ಇದ್ದಾರೆ. ನಾಳೆ ಸಿಕ್ಕಾಗ ನಮಸ್ಕಾರ ಹೇಳಿ, ರಾಜಕೀಯ ಎತ್ತಬೇಡಿ, ನಿಲ್ಲಿಸದೆ ಜೊತೆಗೆ ನಡೆಯಿರಿ. ಸಣ್ಣಗಾಗಿದ್ದಾರೆ ಅನ್ನಿಸಿದರೆ “ಚೆನ್ನಾಗಿ ಕಾಣ್ತಿದ್ದೀರಿ ಸಾರ್” ಎನ್ನಿ. ಶುಗರ್ರಾ ಎಂದು ಮಾತ್ರ ದಯವಿಟ್ಟು ಕೇಳಬೇಡಿ.