ಅನುಭವವುಳ್ಳ ಫ್ರೆಷರ್ ಬೇಕಾಗಿದ್ದಾರೆ

ಆನ್‌ಲೈನ್ ಅರ್ಜಿ ಹಾಕಬೇಕೆಂದರೆ ನಮ್ಮ ಪೆದ್ದಕಡುಬೂರಿನವರು ಮೊದಲು ಆದೋನಿ ಬಸ್ಸು ಹತ್ತಬೇಕು. 'ಮನೆಯಲ್ಲೇ ಕೂತು ಫೋನಿನಲ್ಲಿ ಹಾಕೋ' ಅನ್ನುತ್ತಾನೆ ಬೆಂಗಳೂರಿನ ಮಾವ. ಅವನಿಗೆ ಕೆಬಿಯ ಕಾಟ ಗೊತ್ತಿಲ್ಲ. ಬ್ಯಾಂಕ್ ಪರೀಕ್ಷೆಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕು. ನೆಟ್ ಸೆಂಟರಿನವನು ನನ್ನ ಮುಖವನ್ನು ಹಿಂಡಿ ಹಿಂಡಿ 48ಕ್ಕೆ ಇಳಿಸುವಷ್ಟರಲ್ಲಿ ಮೂಗು ಎಲ್ಲಿ, ಮೀಸೆ ಎಲ್ಲಿ ತಿಳಿಯದಂತಾಗಿತ್ತು. ಅಷ್ಟಕ್ಕೇ ಮುಗಿಯಲಿಲ್ಲ, ಎಡಗೈ ಹೆಬ್ಬೆಟ್ಟೂ ಬೇಕಂತೆ. ಮಗ ಹೆಬ್ಬೆಟ್ಟು ಒತ್ತುವಂತಾಗಬಾರದೆಂದು ಸಾಲ ಮಾಡಿ ಓದಿಸಿದ ಅಪ್ಪ, ಬಿಕಾಂ ಮುಗಿಸಿದ ನಾನು ಇಂಕ್ ಪ್ಯಾಡಿಗೆ ಬೆರಳು ಒತ್ತುವುದನ್ನು ನೋಡಿ, 'ಇದಕ್ಕ ನಾನಾ ಸಾಕಾಗ್ತಿದ್ನಲ್ಲಪಾ' ಅಂದ.

ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ಓದಿದ್ದು ಕನ್ನಡ ಮೀಡಿಯಂ, ಖುಷಿಯಾಯಿತು. ಆದರೆ ಭಾಷೆಯ ಪಟ್ಟಿ ತೆರೆಯುವುದು ರಾಜ್ಯ ನೋಡಿಕೊಂಡು. ಆಂಧ್ರ ಎಂದು ಒತ್ತಿದರೆ ತೆಲುಗು ಬರುತ್ತದೆ, ಇಂಗ್ಲಿಷು, ಹಿಂದಿಯೂ ಬರುತ್ತವೆ. ಕನ್ನಡ ಬೇಕಾದರೆ ಕರ್ನಾಟಕದ ಕೆಲಸ ಕೇಳಬೇಕು. ನಮ್ಮದೂ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಹೋಯಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ಅಜ್ಜ ಮಲಗಿದ್ದ ಕಟ್ಟೆ ಮಾತ್ರ ಇದ್ದಲ್ಲೇ ಇತ್ತು. ಕರ್ನಾಟಕ ಎಂದು ಒತ್ತಿದೆ. ಅಜ್ಜನಿಗೆ ಸಿಗದ ರಾಜ್ಯ ಮೊಮ್ಮಗನಿಗೆ ಒಂದು ಕ್ಲಿಕ್ಕಿಗೆ ಸಿಕ್ಕಿತಲ್ಲ ಎಂದು ಬೀಗುವಷ್ಟರಲ್ಲಿ ಕೆಳಗಡೆ ವಿಳಾಸದ ಕಾಲಂ: ಜಿಲ್ಲೆ ಕರ್ನೂಲು!

ಪ್ರೈವೇಟಿನವರಿಗೆ ಹೆಬ್ಬೆಟ್ಟು ಬೇಡ, ಅದೊಂದು ಪುಣ್ಯ. ಅವರಿಗೆ ಬೇಕಾದದ್ದು ಎರಡು ವರ್ಷ ಅನುಭವವಿರುವ ಫ್ರೆಷರ್. ಮದುಮಗನಿಗೆ ಮೊದಲೇ ಎರಡು ಮಕ್ಕಳಿರಬೇಕು ಎಂದ ಹಾಗೆ. ರೆಸ್ಯೂಮೆ ಅಪ್‌ಲೋಡ್ ಮಾಡಿದ ಮೇಲೆ ಅದರಲ್ಲಿರುವುದನ್ನೇ ಮತ್ತೆ ಒಂದೊಂದಾಗಿ ಟೈಪ್ ಮಾಡಿಸುತ್ತಾರೆ. ಅನುಭವದ ಕಾಲಂನಲ್ಲಿ ಸೊನ್ನೆ ಹಾಕಿದರೆ ಕೆಂಪಕ್ಷರ, ಖಾಲಿ ಬಿಟ್ಟರೂ ಕೆಂಪಕ್ಷರ. ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಅಪ್ಪನಿಗೆ ಇದು ಅರ್ಥವೇ ಆಗುವುದಿಲ್ಲ. ಆದೋನಿ ಯಾರ್ಡಿನಲ್ಲಿ ಹತ್ತಿ ಸುರಿದರೆ ಅದೇ ದಿನ ರೇಟು ಗೊತ್ತಾಗುತ್ತದೆ. ಕಡಿಮೆ ಕೊಟ್ಟರೂ 'ಹಸಿ ಐತಿ, ಕಸ ಐತಿ' ಎಂದು ಕೈಯಲ್ಲಿ ಹಿಡಿದು ತೋರಿಸುತ್ತಾರೆ. 'ನಿನ್ನಾಗ ಏನೈತಿ ಅಂತ ಅಂದಾರ?' ಎಂದು ಕೇಳುತ್ತಾನೆ. ಏನು ಹೇಳಲಿ?

ಕೊನೆಗೊಂದು ಕಂಪನಿ ಉತ್ತರ ಕೊಟ್ಟಿತು, ಅರ್ಧರಾತ್ರಿಯಲ್ಲಿ. ನಮ್ಮ ಕಡೆ ಸರ್ಟಿಫಿಕೇಟಿನಲ್ಲಿ ಮನೆ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಅರ್ಜಿಯ 'ಫಸ್ಟ್ ನೇಮ್' ಕಾಲಂನಲ್ಲಿ ಹಾಗೇ ತುಂಬಿದ್ದೆ. ಆದ್ದರಿಂದ 'ಡಿಯರ್' ಆದಮೇಲೆ ನಮ್ಮ ಮನೆತನದ ಹೆಸರು, ಅದರ ಕೆಳಗೆ ವಿಷಾದ. ಬೆಳಿಗ್ಗೆ ಅಜ್ಜಿಗೆ ಓದಿ ಹೇಳಿದೆ. ಎಲೆಯಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ, 'ನಿಮ್ಮ ದೊಡ್ಡಪ್ಪನ ಮಕ್ಕಳಿಗೂ ಬ್ಯಾಡ ಅಂದ್ರಾ? ಅವರು ಅರ್ಜೀನ ಹಾಕಿಲ್ಲಲ್ಲೋ!' ಎಂದಳು.