ಅಳಿಯನ ಐಸ್‌ಕ್ರೀಮು

ಜಿಮ್ಮಿಗೆ ಹೋಗಲು ಶುರು ಮಾಡಿದ ಮೇಲೆ ನಮ್ಮ ಅಕ್ಕನ ಮಗನ ಕಣ್ಣಿಗೆ ಲೋಕದಲ್ಲಿ ಎರಡೇ ಜಾತಿ: ಪ್ರೋಟೀನ್ ಇದ್ದದ್ದು, ಪ್ರೋಟೀನ್ ಇಲ್ಲದ್ದು. ನಾನು ಎರಡನೆಯದರಲ್ಲಿ ಬರುತ್ತೇನೆ.

ಏಪ್ರಿಲ್ ಬಂತೆಂದರೆ ನಮ್ಮ ಜತ್ತ ತಾಲೂಕಿನಲ್ಲಿ ಥಂಡ ತಿನ್ನುವುದು ಚಟವಲ್ಲ, ಜೀವರಕ್ಷಣೆ. ನಾನು ಐಸ್‌ಕ್ರೀಮಿನ ಡಬ್ಬ ಬಿಚ್ಚಿ ಕೂತಿದ್ದೆ. "ಮಾಮಾ, ಅದ್ರಾಗ ಏನೈತ್ರಿ? ಸಕ್ರಿ, ಕೊಬ್ಬು, ಗಾಳಿ" ಅಂದ. ಗಾಳಿಯ ಮಾತು ಸುಳ್ಳಲ್ಲ. ಲೀಟರು ಐಸ್‌ಕ್ರೀಮು 525 ಗ್ರಾಂ ತೂಗಿದರೆ ನಮ್ಮ ದೇಶದ ಆಹಾರ ನಿಯಮಕ್ಕೆ ಸಾಕು, ಹಾಲಿನ ಪ್ರೋಟೀನು ನೂರಕ್ಕೆ ಮೂರೂವರೆ ಇದ್ದರೂ ಆಯಿತು. ಗಾಳಿಯಂತ್ರ ನೆಟ್ಟು ಕರೆಂಟು ತೆಗೆಯುವಷ್ಟು ಗಾಳಿ ಇರುವ ಊರಿನವನು ಅದನ್ನು ಡಬ್ಬದಲ್ಲಿ ರೊಕ್ಕ ಕೊಟ್ಟು ತರುವುದೆಂದರೆ!

ಹಾಗಾಗಿ ಮನೆಯಲ್ಲೇ ಮಾಡುವುದೆಂದಾಯಿತು. ಕೆನೆ ತೆಗೆದ ಹಾಲು, ಅವನ ಡಬ್ಬದ ಪ್ರೋಟೀನ್ ಪುಡಿ, ಸಕ್ಕರೆ ನಿಷಿದ್ಧ. ಮರುದಿನ ಫ್ರೀಜರಿನಿಂದ ಹೊರಬಂದದ್ದು ಗಡಿಕಲ್ಲಿನಂತಿತ್ತು. ಗಡಿನಾಡಿನವರಿಗೆ ಅದರ ಪರಿಚಯ ಸಾಕಷ್ಟಿದೆ, ತಿಂದು ಅಭ್ಯಾಸವಿಲ್ಲ. ಚಮಚ ಬಾಗಿತು. ನನ್ನ ಹಲ್ಲು ಬಾಗುವ ವಯಸ್ಸು ದಾಟಿವೆ, ಅವು ಅಲುಗಾಡಿದವು.

ಪಾಪ, ಸಕ್ಕರೆಯ ಕೆಲಸ ಸಿಹಿ ಮಾಡುವುದಷ್ಟೇ ಅಲ್ಲ. ಅದು ನೀರಿನಲ್ಲಿ ಕರಗಿ ಕೂತರೆ ಮೈನಸ್ ಹದಿನೆಂಟರಲ್ಲೂ ನೀರೆಲ್ಲ ಹೆಪ್ಪುಗಟ್ಟಲು ಬಿಡುವುದಿಲ್ಲ. ಕೊಬ್ಬು, ಗಾಳಿ ನಡುವೆ ಹೊಕ್ಕು ಬರ್ಫದ ಹರಳುಗಳನ್ನು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಮೂವರನ್ನೂ ಮನೆಯಿಂದ ಹೊರಹಾಕಿದರೆ ಉಳಿಯುವುದು ಹಠ ಮಾತ್ರ. ಈ ಹಠಕ್ಕೆ ಪರದೇಶದವರು ಯಂತ್ರ ಕಂಡುಹಿಡಿದಿದ್ದಾರೆ. ದೊಡ್ಡ ಹೋಟೆಲುಗಳಿಗೆ ಸ್ವಿಟ್ಜರ್ಲೆಂಡಿನ ಪ್ಯಾಕೋಜೆಟ್, ಮನೆಗಳಿಗೆ 2021ರಲ್ಲಿ ಬಂದ ನಿಂಜಾ ಕ್ರೀಮಿ. ಎರಡೂ ಗಡ್ಡೆಯನ್ನು ಕರಗಿಸದೆ ಬ್ಲೇಡಿನಿಂದ ಹೆರೆದು ಬೆಣ್ಣೆ ಮಾಡುತ್ತವೆ. ನಮ್ಮಲ್ಲಿರುವುದು ಶೇಂಗಾ ಚಟ್ನಿಯ ಮಿಕ್ಸರು. ಅದು ಒಂದು ಸುತ್ತು ಗೊಣಗಿ, ಸುಟ್ಟ ವಾಸನೆ ಬಿಟ್ಟು, ಕೈಮುಗಿಯಿತು.

ಅಷ್ಟರಲ್ಲಿ ಅವ್ವ ಗೂಟಕ್ಕೆ ಕಟ್ಟಿದ್ದ ಮೊಸರಿನ ಚಕ್ಕಾದ ಗಂಟು ಇಳಿಸುತ್ತಿದ್ದಳು. ಕೆಳಗಿನ ಪಾತ್ರೆಯಲ್ಲಿ ತೊಟ್ಟಿಕ್ಕಿದ ಹಳದಿ ನೀರು ಎಂದಿನಂತೆ ಕಲಗಚ್ಚಿಗೆ ಹೋಯಿತು. ಅಳಿಯನ ಡಬ್ಬದ ಮೇಲಿನ ಸಣ್ಣಕ್ಷರ ಓದಿ ನೋಡಿದೆ. ಅದೂ ಚೀಸ್ ಮಾಡಿ ಉಳಿದ ಇಂಥದೇ ನೀರಿನ ಸಂತಾನ! ಲೀಟರಿಗೆ ಹತ್ತು ಗ್ರಾಮೂ ಪ್ರೋಟೀನ್ ಇರದ ಆ ನೀರನ್ನು ಕೊಡಗಟ್ಟಲೆ ಸೋಸಿ ಒಣಗಿಸಿದರೆ ಒಂದು ಡಬ್ಬ. ನಮ್ಮ ಪಂಢರಪುರಿ ಎಮ್ಮೆ ಇದನ್ನು ಎಷ್ಟು ವರ್ಷದಿಂದ ಪುಕ್ಕಟೆ ಕುಡಿಯುತ್ತಿದೆಯೋ! ಕತ್ತಿಯಂಥ ಕೊಂಬು, ಆ ಭುಜ ನೋಡಿದರೆ ಡಬ್ಬದ ಮೇಲಿನ ಫೋಟೋಕ್ಕೆ ಅದೇ ಯೋಗ್ಯ. ಆದರೆ ಹಾಲಿನ ಪ್ರೋಟೀನಿನ ದೊಡ್ಡ ಪಾಲು ನೀರಿನೊಂದಿಗೆ ಹೋಗುವುದಿಲ್ಲ, ಅರಿವೆಯೊಳಗಿನ ಚಕ್ಕಾದಲ್ಲೇ ಉಳಿಯುತ್ತದೆ. ಅವ್ವ ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ. ಶ್ರೀಖಂಡ ಮಾಡಿದವಳು.

ಎರಡನೆಯ ಸಲ ಯಜಮಾನಿಕೆ ಅವಳದು. ಚಕ್ಕಾ, ಹುರಿದ ಶೇಂಗಾ ಪುಡಿ, ನೆನೆಸಿ ರುಬ್ಬಿದ ಒಣದ್ರಾಕ್ಷಿ. ನೂರು ಗ್ರಾಂ ಶೇಂಗಾದಲ್ಲಿ ಇಪ್ಪತ್ತೈದರಷ್ಟು ಪ್ರೋಟೀನ್ ಎಂದು ಕೇಳಿ ಅಳಿಯ ಸುಮ್ಮನಾದ. ದ್ರಾಕ್ಷಿಗೂ ಒಪ್ಪಿದ, ನಮ್ಮ ಜಿಲ್ಲೆಯದೇ ಬೆಳೆ, ಸಕ್ಕರೆಯಂತೂ ಅಲ್ಲವಲ್ಲ! ದ್ರಾಕ್ಷಿಯೊಳಗಿನದೂ ಸಕ್ಕರೆಯೇ ಎಂದು ನಾನು ಬಾಯಿ ಬಿಡಲಿಲ್ಲ. ಫ್ರೀಜರಿಗೆ ಗೊತ್ತಿದ್ದರೆ ಸಾಕು. ಮಧ್ಯೆ ಮಧ್ಯೆ ತೆಗೆದು ಕದಡಿದೆವು, ಕರೆಂಟು ಹೋಗಿ ತನ್ನ ಪಾಲಿನ ಸಹಾಯವನ್ನೂ ಮಾಡಿತು. ಸಂಜೆಗೆ ಚಮಚ ಬಾಗದೆ ಇಳಿಯಿತು.

ಅಳಿಯ ಮೊಬೈಲ್ ತೆಗೆದು ಲೆಕ್ಕಕ್ಕೆ ಕೂತ. "ಆಯಿ, ಒಂದು ಬಟ್ಟಲದಾಗ ಎಷ್ಟು ಗ್ರಾಂ ಪ್ರೋಟೀನ್ ಬರ್ತೈತಿ?"

"ಬಟ್ಟಲ ತುಂಬ ಬರ್ತೈತಿ. ಕರಗೂದರಾಗ ತಿನ್ನೋ ತಮ್ಮಾ" ಅಂದಳು ಅವ್ವ, ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸುರಿಯುತ್ತ.